ಮಾರಿದವರೆಲ್ಲ ಕಟ್ಟಲಿಲ್ಲ: ಸೋಲುವ ಬೇಸ್‌ಬಾಲ್ ತಂಡ ತನ್ನ ತಾರೆಗಳನ್ನು ಬಿಟ್ಟುಕೊಡಬೇಕೆ?

2024ರ ಸೆಪ್ಟೆಂಬರ್ 27, ಶುಕ್ರವಾರ ರಾತ್ರಿ. ಅಮೆರಿಕದ ಡೆಟ್ರಾಯಿಟ್ ನಗರದ ಕೊಮೆರಿಕಾ ಪಾರ್ಕ್ ಕ್ರೀಡಾಂಗಣದಲ್ಲಿ ಆತಿಥೇಯ ಡೆಟ್ರಾಯಿಟ್ ಟೈಗರ್ಸ್ ತಂಡವು ಷಿಕಾಗೊ ವೈಟ್ ಸಾಕ್ಸ್ ತಂಡವನ್ನು 4-1ರಿಂದ ಸೋಲಿಸಿತು. ಗೆದ್ದವರು ಹತ್ತು ವರ್ಷಗಳ ನಂತರ ಪ್ಲೇಆಫ್ ಹಂತಕ್ಕೆ ತಲುಪಿದ ಸಂಭ್ರಮದಲ್ಲಿ ಕುಣಿದಾಡಿದರು. ಸೋತವರಿಗೆ ಅದು ಆ ಋತುವಿನ 121ನೇ ಸೋಲು. 1900ರ ನಂತರದ, ಅಂದರೆ ಆಧುನಿಕವೆಂದು ಪರಿಗಣಿಸಲಾಗುವ ಕಾಲದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಯಾವ ತಂಡವೂ ಒಂದೇ ಋತುವಿನಲ್ಲಿ ಅಷ್ಟು ಪಂದ್ಯಗಳನ್ನು ಸೋತಿರಲಿಲ್ಲ. 1962ರಲ್ಲಿ, ಹುಟ್ಟಿದ ವರ್ಷವೇ, 120 ಪಂದ್ಯ ಸೋತಿದ್ದ ನ್ಯೂಯಾರ್ಕ್ ಮೆಟ್ಸ್ ತಂಡದ ಹೆಸರಿನಲ್ಲಿದ್ದ ಆ ಅಪಕೀರ್ತಿ ಅಂದು ಷಿಕಾಗೊ ಪಾಲಾಯಿತು.

ಒಂದೇ ಮೈದಾನದಲ್ಲಿ ಒಬ್ಬರ ನಗು, ಇನ್ನೊಬ್ಬರ ಅಳು ಕ್ರೀಡೆಯಲ್ಲಿ ಹೊಸತೇನಲ್ಲ. ಆದರೆ ಈ ಎರಡು ತಂಡಗಳ ವಿಷಯದಲ್ಲಿ ಗಮನಾರ್ಹವಾದದ್ದು ಬೇರೆಯೇ ಇದೆ. ಎರಡೂ ಅಮೆರಿಕನ್ ಲೀಗ್‌ನ ಒಂದೇ ವಿಭಾಗಕ್ಕೆ ಸೇರಿದವು. ಎರಡೂ ಏಳೆಂಟು ವರ್ಷಗಳ ಹಿಂದೆ, ಕೆಲವೇ ತಿಂಗಳ ಅಂತರದಲ್ಲಿ, ಒಂದೇ ಔಷಧಿಯನ್ನು ಸೇವಿಸಿದ್ದವು. ತಮ್ಮಲ್ಲಿದ್ದ ಹೆಸರಾಂತ ಆಟಗಾರರನ್ನು ಅನ್ಯ ತಂಡಗಳಿಗೆ ಕೊಟ್ಟು, ಪ್ರತಿಯಾಗಿ ಹೆಸರಿಲ್ಲದ ಎಳೆಯರನ್ನು ಪಡೆದು, ಕೆಲಕಾಲ ಸೋಲನ್ನು ಸಹಿಸಿ, ತಂಡವನ್ನು ಬುಡದಿಂದ ಮರಳಿ ಕಟ್ಟುವುದೇ ಆ ಔಷಧಿ. ಅಮೆರಿಕದ ಕ್ರೀಡಾ ಪುಟಗಳಲ್ಲಿ ಪ್ರತಿ ಜುಲೈ ತಿಂಗಳಲ್ಲೂ, ವಿನಿಮಯದ ಗಡುವು ಹತ್ತಿರವಾಗುತ್ತಿದ್ದಂತೆ, ಕನಿಷ್ಠ ಐದಾರು ತಂಡಗಳ ಕುರಿತು ಈ ಪ್ರಶ್ನೆ ಏಳುತ್ತದೆ: ಇದ್ದವರನ್ನು ಮಾರಿಬಿಡಬೇಕೆ, ಅಥವಾ ಇಟ್ಟುಕೊಂಡು ಹೆಣಗಬೇಕೆ?

ನಮ್ಮ ಓದುಗರಿಗೆ ಈ ಎರಡು ಊರುಗಳು ಅಪರಿಚಿತವಲ್ಲ. ಅಕ್ಕ ವಿಶ್ವ ಕನ್ನಡ ಸಮ್ಮೇಳನವು 2002ರಲ್ಲಿ ಡೆಟ್ರಾಯಿಟ್‌ನಲ್ಲೂ 2008ರಲ್ಲಿ ಷಿಕಾಗೊದಲ್ಲೂ ನಡೆದಿತ್ತು. ಆದರೆ ಅಲ್ಲಿನ ಬೇಸ್‌ಬಾಲ್ ತಂಡಗಳ ವ್ಯವಹಾರ ನಮಗೆ ಅಷ್ಟಾಗಿ ತಿಳಿಯದು. ಹಾಗಾಗಿ ಮೊದಲು ಆ ಲೆಕ್ಕಾಚಾರವನ್ನು ಅರಿಯುವುದು ಒಳಿತು.

ಆರು ವರ್ಷಗಳ ಗಡಿಯಾರ

ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಒಬ್ಬ ಯುವ ಆಟಗಾರ ಮೇಜರ್ ಲೀಗ್‌ಗೆ ಕಾಲಿಟ್ಟ ದಿನದಿಂದ ಆರು ಋತುಗಳ ಸೇವೆ ಪೂರೈಸುವವರೆಗೆ ಆತನ ಮೇಲಿನ ಹಕ್ಕು ತಂಡದ್ದೇ. ಮೊದಲ ಮೂರು ವರ್ಷ ಆತ ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸಿನಲ್ಲೇ ಆಡಬೇಕು; 2025ರಲ್ಲಿ ಆ ಮೊತ್ತ 7,60,000 ಡಾಲರ್ ಆಗಿತ್ತು. ನಂತರದ ಮೂರು ವರ್ಷ ವೇತನ ಏರುತ್ತದೆ. ತಕರಾರು ಬಂದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆರು ವರ್ಷ ಮುಗಿದೊಡನೆ ಆತ ಸ್ವತಂತ್ರ. ಯಾರು ಹೆಚ್ಚು ಕೊಡುತ್ತಾರೋ ಅವರಲ್ಲಿಗೆ ಹೋಗಬಹುದು. ನಮ್ಮಲ್ಲಿ ಇಪ್ಪತ್ತೆರಡರ ಹರೆಯದ ಕ್ರಿಕೆಟಿಗನೊಬ್ಬ ಹರಾಜಿನಲ್ಲಿ ಒಂದೇ ದಿನಕ್ಕೆ ಕೋಟ್ಯಧೀಶನಾಗುವುದುಂಟು. ಅಲ್ಲಿ ಹಾಗಿಲ್ಲ. ಆಟಗಾರ ಅತ್ಯಂತ ಚುರುಕಾಗಿರುವ ವರ್ಷಗಳಲ್ಲೇ ತಂಡಕ್ಕೆ ಅತ್ಯಂತ ಅಗ್ಗವಾಗಿ ದೊರೆಯುತ್ತಾನೆ.

ಮಾರಾಟದ ತರ್ಕ ಹುಟ್ಟುವುದು ಇಲ್ಲಿಂದಲೇ. ಒಂದು ತಂಡ ಇನ್ನು ಮೂರು ವರ್ಷ ಗೆಲ್ಲುವ ಸ್ಥಿತಿಯಲ್ಲಿಲ್ಲ ಎಂದಿಟ್ಟುಕೊಳ್ಳೋಣ. ಅದರ ಶ್ರೇಷ್ಠ ಪಿಚರ್‌ನ ಅವಧಿ ಎರಡು ವರ್ಷದಲ್ಲಿ ಮುಗಿಯುತ್ತದೆ. ಆತನನ್ನು ಇಟ್ಟುಕೊಂಡರೆ ಎರಡು ವರ್ಷ ಸೋಲಿನ ಮಧ್ಯೆ ಒಂದಷ್ಟು ಚೆಂದದ ಆಟ ಕಾಣಬಹುದು; ನಂತರ ಆತ ಹೊರಟುಹೋಗುತ್ತಾನೆ, ತಂಡಕ್ಕೆ ಹೆಚ್ಚೆಂದರೆ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ ಸಿಕ್ಕೀತು. ಈಗಲೇ ಕೊಟ್ಟರೆ, ಈ ವರ್ಷವೇ ಪ್ರಶಸ್ತಿಗೆ ಹವಣಿಸುತ್ತಿರುವ ತಂಡವೊಂದು ಮೂರು ನಾಲ್ಕು ಎಳೆಯರನ್ನು ಕೊಟ್ಟು ಕೊಂಡೊಯ್ಯುತ್ತದೆ. ಆ ಎಳೆಯರ ಆರು ವರ್ಷದ ಗಡಿಯಾರ ಇನ್ನೂ ಆರಂಭವೇ ಆಗಿರುವುದಿಲ್ಲ. ಕರೆಯುವ ಹಸುವನ್ನು ಕೊಟ್ಟು ಕರುಗಳನ್ನು ಕಟ್ಟಿಕೊಂಡಂತೆ. ಎಲ್ಲ ಕರುವೂ ಹಸುವಾಗುವುದಿಲ್ಲ ಎಂಬುದನ್ನು ಮಾತ್ರ ಕೊಡುವ ಹೊತ್ತಿಗೆ ಯಾರೂ ನೆನೆಯುವುದಿಲ್ಲ.

ಎರಡನೆಯ ಆಕರ್ಷಣೆ ವಾರ್ಷಿಕ ಡ್ರಾಫ್ಟ್. ಪ್ರೌಢಶಾಲೆ ಹಾಗೂ ಕಾಲೇಜುಗಳ ಶ್ರೇಷ್ಠ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಈ ಪದ್ಧತಿಯಲ್ಲಿ ಬಹುಕಾಲ ಅತಿ ಹೆಚ್ಚು ಸೋತ ತಂಡಕ್ಕೇ ಮೊದಲ ಸರದಿ ದೊರೆಯುತ್ತಿತ್ತು. ಅಂದರೆ ಸೋಲಿಗೆ ಬಹುಮಾನವಿತ್ತು. ಇಂಗ್ಲೆಂಡಿನ ಫುಟ್‌ಬಾಲ್‌ನಂತೆ ಕೊನೆಯ ಸ್ಥಾನಕ್ಕಿಳಿದ ತಂಡವನ್ನು ಕೆಳ ದರ್ಜೆಗೆ ತಳ್ಳುವ ಭಯವಂತೂ ಅಲ್ಲಿಲ್ಲ.

ನಮ್ಮ ಐಪಿಎಲ್‌ನಲ್ಲಿ ಈ ಪ್ರಶ್ನೆ ಹೀಗೆ ಏಳುವುದೇ ಇಲ್ಲ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಮರಳಿದಂತೆ ಅಲ್ಲಿಯೂ ಆಟಗಾರರ ವಿನಿಮಯ ನಡೆಯುತ್ತದೆ, ನಿಜ. ಆದರೆ ಕೆಲವು ವರ್ಷಗಳಿಗೊಮ್ಮೆ ಬರುವ ಮಹಾ ಹರಾಜು ಎಲ್ಲ ತಂಡಗಳನ್ನೂ ಹೆಚ್ಚುಕಡಿಮೆ ಬರಿಗೈ ಮಾಡಿ, ಒಂದೇ ಮೊತ್ತದ ಹಣದೊಂದಿಗೆ ಮತ್ತೆ ಕೂರಿಸುತ್ತದೆ. ಐದು ವರ್ಷ ಸೋತು ಆರನೆಯ ವರ್ಷಕ್ಕೆ ಬೆಳೆ ತೆಗೆಯುವ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ಬೆಂಗಳೂರಿನ ಅಭಿಮಾನಿಗಳು 2025ರವರೆಗೆ 18 ಋತು ಕಾದದ್ದು ತಂಡ ಮುದ್ದಾಂ ಸೋತದ್ದರಿಂದ ಅಲ್ಲ, ಗೆಲ್ಲಲಾಗದ್ದರಿಂದ. ಷಿಕಾಗೊದ ದಕ್ಷಿಣ ಭಾಗದ ಅಭಿಮಾನಿಗಳಿಗೆ ಕೇಳಿಬಂದದ್ದು ಬೇರೆಯೇ ಮಾತು: ಈಗ ಸೋಲುತ್ತೇವೆ, ಅದು ಯೋಜನೆಯ ಭಾಗ, ತಾಳ್ಮೆಯಿರಲಿ.

ಷಿಕಾಗೊ ಮಾಡಿದ್ದೇನು?

2005ರಲ್ಲಿ ವೈಟ್ ಸಾಕ್ಸ್ 88 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತ್ತು. ಅದಾದ ಮೇಲೆ ತಂಡ ಮೇಲೂ ಏರದೆ ಕೆಳಗೂ ಇಳಿಯದೆ ಉಳಿಯಿತು. 2016ರಲ್ಲಿ ಮೊದಲ 33 ಪಂದ್ಯಗಳಲ್ಲಿ 23ನ್ನು ಗೆದ್ದಾಗ ಆಡಳಿತಕ್ಕೆ ಆಸೆ ಚಿಗುರಿತು. ಜೂನ್ ತಿಂಗಳಲ್ಲಿ ಸ್ಯಾನ್ ಡಿಯಾಗೊ ತಂಡದಿಂದ ಅನುಭವಿ ಪಿಚರ್ ಜೇಮ್ಸ್ ಶೀಲ್ಡ್ಸ್ ಅವರನ್ನು ತರಲಾಯಿತು. ಬದಲಿಗೆ ಕೊಟ್ಟವರಲ್ಲಿ, ತಂಡದ ಪರ ಇನ್ನೂ ಒಂದೇ ಒಂದು ವೃತ್ತಿಪರ ಪಂದ್ಯ ಆಡಿರದ, 17 ವರ್ಷದ ಡೊಮಿನಿಕನ್ ಹುಡುಗನೊಬ್ಬನಿದ್ದ. ಹೆಸರು ಫರ್ನಾಂಡೊ ಟಾಟಿಸ್ ಜೂನಿಯರ್. ಶೀಲ್ಡ್ಸ್ ಅವರಿಂದ ನಿರೀಕ್ಷೆ ಈಡೇರಲಿಲ್ಲ; ತಂಡ 78 ಗೆದ್ದು 84 ಸೋತು ಋತು ಮುಗಿಸಿತು. ಟಾಟಿಸ್ ಬೆಳೆದು 2021ರಲ್ಲಿ ಸ್ಯಾನ್ ಡಿಯಾಗೊ ಜೊತೆ 14 ವರ್ಷಗಳ, 34 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಬಿತ್ತನೆಗೆ ಇಟ್ಟ ಬೀಜವನ್ನು ಬೇಯಿಸಿ ಉಂಡರೆ ಏನಾಗುತ್ತದೆಂಬುದಕ್ಕೆ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಪುನರ್‌ನಿರ್ಮಾಣದ ವಾದಿಗಳು ಹೇಳುವ ಮಾತಿನಲ್ಲಿ ಸತ್ಯವಿರುವುದು ಇಲ್ಲಿ: ಮಧ್ಯಮ ದರ್ಜೆಯ ತಂಡವೊಂದು ತಾನು ಶ್ರೇಷ್ಠವೆಂದು ಭ್ರಮಿಸುವುದು ಸೋಲಿಗಿಂತ ದುಬಾರಿ.

ಬಹುಶಃ ಆ ಪಾಠದಿಂದಲೇ ಆರು ತಿಂಗಳಲ್ಲಿ ತಂಡ ದಿಕ್ಕು ಬದಲಿಸಿತು. ಡಿಸೆಂಬರ್ 2016ರಲ್ಲಿ ಅಗ್ರಮಾನ್ಯ ಎಡಗೈ ಪಿಚರ್ ಕ್ರಿಸ್ ಸೇಲ್ ಬಾಸ್ಟನ್‌ಗೆ ಹೋದರು. ಯೋಆನ್ ಮೊಂಕಾಡಾ, ಮೈಕೆಲ್ ಕೋಪೆಕ್ ಸೇರಿ ನಾಲ್ವರು ಬಂದರು. ಮರುದಿನವೇ ಆಡಂ ಈಟನ್ ವಾಷಿಂಗ್ಟನ್‌ಗೆ; ಅಲ್ಲಿಂದ ಲೂಕಸ್ ಜಿಯೊಲಿಟೊ ಸೇರಿ ಮೂವರು ಪಿಚರ್‌ಗಳು ಇತ್ತ. 2017ರ ಜುಲೈನಲ್ಲಿ ಹೊಸೆ ಕಿಂಟಾನಾ ಅದೇ ಊರಿನ ಪ್ರತಿಸ್ಪರ್ಧಿ ಕಬ್ಸ್ ತಂಡಕ್ಕೆ. ಎಲೋಯ್ ಹಿಮೆನೆಸ್, ಡಿಲನ್ ಸೀಸ್ ಮತ್ತಿಬ್ಬರು ಅಲ್ಲಿಂದ. ಆ ಕಾಲದ ಪಂಡಿತರು ಈ ವಿನಿಮಯಗಳನ್ನು ಹಾಡಿ ಹೊಗಳಿದ್ದರು. ಕಾಗದದ ಮೇಲೆ ಹೊಗಳಿಕೆ ಅನರ್ಹವೂ ಆಗಿರಲಿಲ್ಲ. 2018ರಲ್ಲಿ ನಿಗದಿಯಂತೆಯೇ ನೂರು ಸೋಲು ಬಂತು. 2020ರಲ್ಲಿ ತಂಡ ಪ್ಲೇಆಫ್‌ಗೆ ಮರಳಿತು. 2021ರಲ್ಲಿ 93 ಪಂದ್ಯ ಗೆದ್ದು ವಿಭಾಗದ ಅಗ್ರಸ್ಥಾನ ಪಡೆಯಿತು. ಸತತ ಎರಡು ವರ್ಷ ಪ್ಲೇಆಫ್ ಆಡಿದ್ದು ಆ ತಂಡದ ಇತಿಹಾಸದಲ್ಲೇ ಪ್ರಥಮ.

ಅಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನಕ್ಕೆ ಆಸ್ಪದವಿರುತ್ತಿರಲಿಲ್ಲ. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 101 ಸೋಲು. 2024ರಲ್ಲಿ, ಮೊದಲೇ ಹೇಳಿದಂತೆ, 121. ನಡುವೆ ಸತತ 21 ಪಂದ್ಯಗಳ ಸೋಲಿನ ಸರಣಿ. ತವರಿನ ಪ್ರೇಕ್ಷಕರೇ ತಂಡವನ್ನು ಮಾರಿಬಿಡಿ ಎಂದು ಮಾಲೀಕರನ್ನು ಉದ್ದೇಶಿಸಿ ಕೂಗತೊಡಗಿದರು.

ಏಕೆ ಹೀಗಾಯಿತು? ಎಳೆಯರು ಗಾಯಗೊಂಡರು ಎಂಬುದು ಸುಲಭದ ಉತ್ತರ, ಮತ್ತು ಅದರಲ್ಲಿ ಹುರುಳೂ ಇದೆ. ಕೋಪೆಕ್ ಮೊಣಕೈ ಶಸ್ತ್ರಚಿಕಿತ್ಸೆಯಿಂದ 2019ನ್ನು ಕಳೆದುಕೊಂಡರು. ಹಿಮೆನೆಸ್ ಪದೇ ಪದೇ ಗಾಯಾಳುವಾದರು. ಆದರೆ ನಮ್ಮ ದೃಷ್ಟಿಯಲ್ಲಿ ಮೂಲ ಕಾರಣಗಳು ಬೇರೆ.

ಮೊದಲನೆಯದು ಹಣ. ಎಳೆಯರು ಅಗ್ಗದ ವೇತನದಲ್ಲಿ ಆಡುವ ವರ್ಷಗಳಲ್ಲಿ ಉಳಿಯುವ ಹಣದಿಂದ ಕೊರತೆಯಿರುವ ಸ್ಥಾನಗಳಿಗೆ ಸಿದ್ಧ ಆಟಗಾರರನ್ನು ಕೊಳ್ಳುವುದು ಈ ಯೋಜನೆಯ ಅರ್ಧ ಭಾಗ. 2018-19ರ ಚಳಿಗಾಲದಲ್ಲಿ ಮ್ಯಾನಿ ಮಚಾಡೊ ಅವರಿಗಾಗಿ ವೈಟ್ ಸಾಕ್ಸ್ ಪ್ರಯತ್ನಿಸಿತು. ಅವರು 30 ಕೋಟಿ ಡಾಲರ್‌ಗೆ ಸ್ಯಾನ್ ಡಿಯಾಗೊ ಸೇರಿದರು. 1981ರಿಂದ ಜೆರ್ರಿ ರೈನ್ಸ್‌ಡಾರ್ಫ್ ಅವರ ಒಡೆತನದಲ್ಲಿರುವ ಈ ತಂಡ, ಅಮೆರಿಕದ ಮೂರನೆಯ ದೊಡ್ಡ ನಗರದಲ್ಲಿದ್ದೂ, 2025ರವರೆಗೆ ಯಾವ ಸ್ವತಂತ್ರ ಆಟಗಾರನಿಗೂ ಹತ್ತು ಕೋಟಿ ಡಾಲರ್‌ಗಳ ಒಪ್ಪಂದ ನೀಡಿದ್ದಿಲ್ಲ. 2022ರ ಡಿಸೆಂಬರ್‌ನಲ್ಲಿ ಆಂಡ್ರೂ ಬೆನಿಂಟೆಂಡಿ ಅವರಿಗೆ ಕೊಟ್ಟ ಏಳೂವರೆ ಕೋಟಿಯೇ ಗರಿಷ್ಠ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.

ಎರಡನೆಯದು ಮುಂದಾಳತ್ವ. ಯುವಕರ ತಂಡ ಪ್ಲೇಆಫ್ ಆಡಿದ ಬೆನ್ನಲ್ಲೇ, 2020ರ ಅಕ್ಟೋಬರ್‌ನಲ್ಲಿ, ಒಂಬತ್ತು ವರ್ಷಗಳಿಂದ ಮ್ಯಾನೇಜರ್ ಆಗಿ ಮೈದಾನಕ್ಕಿಳಿಯದ 76 ವರ್ಷದ ಟೋನಿ ಲಾ ರುಸಾ ಅವರಿಗೆ ಹೊಣೆ ವಹಿಸಲಾಯಿತು. ಅವರ ಹಿಂದಿನ ಸಾಧನೆ ಪ್ರಶ್ನಾತೀತ. ಆದರೆ ಆ ನೇಮಕ ಆ ತಂಡಕ್ಕೆ ಹೊಂದುವಂಥದ್ದಾಗಿತ್ತೆ ಎಂಬ ಅನುಮಾನ ಅಂದೇ ವ್ಯಕ್ತವಾಗಿತ್ತು. ಆರೋಗ್ಯದ ಕಾರಣ ಅವರು 2022ರಲ್ಲಿ ನಿರ್ಗಮಿಸಿದರು.

ಮೂರನೆಯದು ತರಬೇತಿ, ಎಲ್ಲಕ್ಕಿಂತ ಮುಖ್ಯವಾದದ್ದು. ಇದಕ್ಕೆ ಒಬ್ಬ ಆಟಗಾರನ ಉದಾಹರಣೆ ಸಾಕು. 2019ರ ಡ್ರಾಫ್ಟ್‌ನಲ್ಲಿ ಮೂರನೆಯ ಸರದಿಯಲ್ಲಿ, ಅಂದರೆ ಸೋಲಿನ ಬಹುಮಾನವಾಗಿ, ವೈಟ್ ಸಾಕ್ಸ್ ಆರಿಸಿಕೊಂಡ ಆಂಡ್ರೂ ವಾನ್ 2025ರ ಆರಂಭದಲ್ಲಿ ಆಡಿದ ರೀತಿ ಹೇಗಿತ್ತೆಂದರೆ, ನೂರು ಅವಕಾಶಗಳಲ್ಲಿ ಸುಮಾರು 19ರಲ್ಲಿ ಮಾತ್ರ ಯಶಸ್ವಿ ಹೊಡೆತ. ಜೂನ್‌ನಲ್ಲಿ ಅವರನ್ನು ಮಿಲ್ವಾಕಿ ಬ್ರೂವರ್ಸ್‌ಗೆ ಕೊಡಲಾಯಿತು. ಅಲ್ಲಿ, ಅದೇ ವರ್ಷ, ನೂರಕ್ಕೆ ಸುಮಾರು 31. ವ್ಯಕ್ತಿ ಅದೇ, ಬ್ಯಾಟೂ ಅದೇ. ಡ್ರಾಫ್ಟ್‌ನ ಮೂರನೆಯ ಸರದಿ ಕೈಯಲ್ಲಿದ್ದರೂ ಅದರಿಂದ ಫಲ ತೆಗೆಯುವ ವಿದ್ಯೆ ಬೇರೆಯವರ ಬಳಿಯಿತ್ತು. ಇತ್ತ ಮಾರಲ್ಪಟ್ಟ ಕ್ರಿಸ್ ಸೇಲ್ 2018ರಲ್ಲಿ ಬಾಸ್ಟನ್‌ನೊಂದಿಗೆ ವರ್ಲ್ಡ್ ಸೀರೀಸ್ ಗೆದ್ದರು. ಅಟ್ಲಾಂಟಾ ಪರ ಆಡುತ್ತ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದದ್ದು 2024ರಲ್ಲಿ. ವೈಟ್ ಸಾಕ್ಸ್ 121 ಪಂದ್ಯ ಸೋತ ವರ್ಷವದು.

ಡೆಟ್ರಾಯಿಟ್‌ಗೆ ಫಲ ಸಿಕ್ಕಿದ್ದೆಲ್ಲಿ?

ಡೆಟ್ರಾಯಿಟ್ ಆರಂಭಿಸಿದ್ದೂ ಹೀಗೆಯೇ. 2017ರ ಆಗಸ್ಟ್ 31ರ ಮಧ್ಯರಾತ್ರಿಯ ಗಡುವಿಗೆ ಮುನ್ನ ತನ್ನ ಮಹಾನ್ ಪಿಚರ್ ಜಸ್ಟಿನ್ ವರ್ಲ್ಯಾಂಡರ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಎರಡು ತಿಂಗಳಲ್ಲಿ ಹ್ಯೂಸ್ಟನ್ ಚಾಂಪಿಯನ್ ಆಯಿತು. ಡೆಟ್ರಾಯಿಟ್‌ಗೆ ಬಂದ ಮೂವರು ಎಳೆಯರಲ್ಲಿ ಪ್ರಮುಖನೆನಿಸಿದ್ದ ಪಿಚರ್ ಮೇಜರ್ ಲೀಗ್ ಮುಟ್ಟಲೇ ಇಲ್ಲ. ಬಹುಕಾಲ ಉಪಯೋಗಕ್ಕೆ ಬಂದವರು ಕ್ಯಾಚರ್ ಜೇಕ್ ರೋಜರ್ಸ್ ಒಬ್ಬರೇ. 2019ರಲ್ಲಿ ತಂಡ 114 ಪಂದ್ಯ ಸೋತಿತು. ಪುನರ್‌ನಿರ್ಮಾಣ ಆರಂಭಿಸಿದ ಜನರಲ್ ಮ್ಯಾನೇಜರ್ ಅಲ್ ಅವಿಲಾ ಅವರನ್ನು 2022ರಲ್ಲಿ ತೆಗೆದುಹಾಕಲಾಯಿತು. ಆ ಕ್ಷಣದಲ್ಲಿ ನಿಂತು ನೋಡಿದ್ದರೆ ಷಿಕಾಗೊದ್ದೇ ಯಶಸ್ಸು, ಡೆಟ್ರಾಯಿಟ್‌ನದೇ ವೈಫಲ್ಯ ಎಂದು ಯಾರಾದರೂ ತೀರ್ಪು ಕೊಡುತ್ತಿದ್ದರು.

ನಂತರ ಬಂದ ಸ್ಕಾಟ್ ಹ್ಯಾರಿಸ್ ಅವರ ಕಾಲದಲ್ಲಿ ಚಿತ್ರ ಬದಲಾಯಿತು. ಬದಲಿಸಿದವರು ಯಾರು? ಮೊದಲ ಸರದಿಯ ಆಯ್ಕೆಯಾದ ಸ್ಪೆನ್ಸರ್ ಟೋರ್ಕಲ್ಸನ್ ಅವರೊಬ್ಬರೇ ಅಲ್ಲ. ತಾರಿಕ್ ಸ್ಕೂಬಲ್ 2018ರ ಡ್ರಾಫ್ಟ್‌ನ ಒಂಬತ್ತನೆಯ ಸುತ್ತಿನ ಆಯ್ಕೆ. 2024 ಮತ್ತು 2025ರಲ್ಲಿ ಸತತವಾಗಿ ಅಮೆರಿಕನ್ ಲೀಗ್‌ನ ಸೈ ಯಂಗ್ ಪ್ರಶಸ್ತಿ ಅವರದಾಯಿತು. ಕೆರಿ ಕಾರ್ಪೆಂಟರ್ ಆಯ್ಕೆಯಾದದ್ದು 19ನೇ ಸುತ್ತಿನಲ್ಲಿ. ಇಂಥ ಆಟಗಾರರು ದೊರೆಯಲು ನೂರು ಪಂದ್ಯ ಸೋಲುವ ಅಗತ್ಯವಿಲ್ಲ. ಅವರನ್ನು ಪ್ರತಿ ತಂಡವೂ ಹಲವು ಬಾರಿ ಕೈಬಿಟ್ಟಿತ್ತು. ಇನ್ನೊಂದು ಸ್ವಾರಸ್ಯ: 2024ರ ಜುಲೈ 30ರಂದು ಡೆಟ್ರಾಯಿಟ್ ತನ್ನ ಪಿಚರ್ ಜ್ಯಾಕ್ ಫ್ಲಾಹರ್ಟಿ ಅವರನ್ನು ಲಾಸ್ ಏಂಜಲಿಸ್‌ಗೆ ಮಾರಿತ್ತು. ಆಗಸ್ಟ್ 10ರಂದು 55 ಗೆಲುವು, 63 ಸೋಲು. ಅಲ್ಲಿಂದ ಉಳಿದ 44 ಪಂದ್ಯಗಳಲ್ಲಿ 31ನ್ನು ಗೆದ್ದಿತು. ಫ್ಲಾಹರ್ಟಿ ಬದಲಿಗೆ ಬಂದ ಟ್ರೇ ಸ್ವೀನಿ ಆ ಓಟದಲ್ಲಿ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಆಡಿದರು.

ಹ್ಯೂಸ್ಟನ್ ಮತ್ತು ಕಬ್ಸ್ ತಂಡಗಳ ನಿದರ್ಶನವನ್ನು ಈ ಚರ್ಚೆಯಲ್ಲಿ ಎಲ್ಲರೂ ತಪ್ಪದೇ ಉಲ್ಲೇಖಿಸುತ್ತಾರೆ. ಹ್ಯೂಸ್ಟನ್ 2011ರಿಂದ 2013ರವರೆಗೆ ಕ್ರಮವಾಗಿ 106, 107, 111 ಪಂದ್ಯ ಸೋತು 2017ರಲ್ಲಿ ಗೆದ್ದಿತು. ಆ ಗೆಲುವಿಗೆ ಎದುರಾಳಿಗಳ ಸಂಜ್ಞೆ ಕದ್ದ ಕಳಂಕ ಮುಂದೆ ಅಂಟಿಕೊಂಡಿತು ಎಂಬುದು ಬೇರೆ ಮಾತು. ಕಬ್ಸ್ 2012ರಲ್ಲಿ 101 ಸೋತು 2016ರಲ್ಲಿ 108 ವರ್ಷಗಳ ಬರ ನೀಗಿಸಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೆಸರನ್ನು ಮಾತ್ರ ಅಷ್ಟಾಗಿ ಯಾರೂ ಎತ್ತುವುದಿಲ್ಲ. 1993ರಿಂದ 2012ರವರೆಗೆ ಸತತ 20 ಋತುಗಳಲ್ಲಿ ಅದರ ಸೋಲುಗಳೇ ಗೆಲುವಿಗಿಂತ ಹೆಚ್ಚು. ಆ ಅವಧಿಯುದ್ದಕ್ಕೂ ಒಳ್ಳೆಯ ಆಟಗಾರರನ್ನು ಕೊಟ್ಟು ಎಳೆಯರನ್ನು ತರುವ ಕೆಲಸ ನಡೆದೇ ಇತ್ತು. ಪ್ರತಿಭೆಯ ಹುಡುಕಾಟ ಎಲ್ಲಿಯವರೆಗೆ ಹೋಗಿತ್ತೆಂದರೆ, 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಯುವಕರೊಂದಿಗೆ ಒಪ್ಪಂದ ಮಾಡಿಕೊಂಡ ತಂಡವೂ ಇದೇ. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ.

ಹಾಗಾದರೆ ಮಾರಬೇಕೆ?

ಮಾರಬೇಕು, ಆದರೆ ಎಲ್ಲರನ್ನೂ ಅಲ್ಲ, ಒಮ್ಮೆಲೇ ಅಲ್ಲ. ಅವಧಿ ಮುಗಿಯುವುದರೊಳಗೆ ತಂಡ ಗೆಲ್ಲುವ ಸಾಧ್ಯತೆ ಇಲ್ಲವೆಂದು ಖಚಿತವಾದ ಆಟಗಾರನನ್ನು ಬೆಲೆಯಿರುವಾಗಲೇ ಕೊಡುವುದು ವಿವೇಕ. ಮಿಲ್ವಾಕಿ ನಗರವು ಷಿಕಾಗೊಗಿಂತ ಬಹಳ ಚಿಕ್ಕದು, ಆದಾಯವೂ ಕಡಿಮೆ. ಆ ತಂಡ 2024ರ ಫೆಬ್ರವರಿಯಲ್ಲಿ, ಒಂದೇ ವರ್ಷದ ಅವಧಿ ಉಳಿದಿದ್ದ ತನ್ನ ಶ್ರೇಷ್ಠ ಪಿಚರ್ ಕಾರ್ಬಿನ್ ಬರ್ನ್ಸ್ ಅವರನ್ನು ಬಾಲ್ಟಿಮೋರ್‌ಗೆ ಕೊಟ್ಟಿತು. ಆ ವರ್ಷವೂ ವಿಭಾಗ ಗೆದ್ದಿತು. 2025ರಲ್ಲಿ 97 ಗೆಲುವುಗಳೊಂದಿಗೆ 30 ತಂಡಗಳಲ್ಲೇ ಮುಂದಿತ್ತು. ಮನೆ ಕೆಡವದೆ ಒಂದೊಂದೇ ತೊಲೆ ಬದಲಿಸುತ್ತ ಹೋಗುವ ಈ ರೀತಿಗೆ ನಿತ್ಯದ ಶ್ರಮ, ಒಳ್ಳೆಯ ತರಬೇತುದಾರರು, ಚುರುಕು ಕಣ್ಣಿನ ಶೋಧಕರು ಬೇಕು. ಎಲ್ಲವನ್ನೂ ಮಾರಿ ಐದು ವರ್ಷ ಕಾಯಿರಿ ಎನ್ನುವುದು ಅದಕ್ಕಿಂತ ಎಷ್ಟೋ ಸುಲಭ. ಆ ಐದು ವರ್ಷ ಆಡಳಿತವನ್ನು ಪ್ರಶ್ನಿಸುವವರೂ ಇರುವುದಿಲ್ಲ, ವೇತನದ ವೆಚ್ಚವೂ ಇಳಿಯುತ್ತದೆ. ಟಿಕೆಟಿನ ಹಣ ಕೊಡುವವರು ಮಾತ್ರ ಅದೇ ಅಭಿಮಾನಿಗಳು.

ಸೋಲಿನ ಬಹುಮಾನವೂ ಈಗ ಮೊದಲಿನಂತಿಲ್ಲ. ಆಟಗಾರರ ಸಂಘದೊಂದಿಗೆ 2022ರಲ್ಲಿ ಆದ ಒಪ್ಪಂದದಂತೆ ಡ್ರಾಫ್ಟ್‌ನ ಮೊದಲ ಆರು ಸರದಿಗಳನ್ನು ಲಾಟರಿ ಎತ್ತಿ ನಿರ್ಧರಿಸಲಾಗುತ್ತದೆ. ಅತಿ ಹೆಚ್ಚು ಸೋತ ಮೂರು ತಂಡಗಳಿಗೆ ಮೊದಲ ಸರದಿಯ ಸಂಭವ ಸಮನಾಗಿ ಶೇ 16.5 ಮಾತ್ರ. ದೊಡ್ಡ ಆದಾಯದ ತಂಡಗಳು ಸತತ ಎರಡು ವರ್ಷ ಲಾಟರಿ ಸರದಿ ಪಡೆಯುವಂತಿಲ್ಲ. ಈ ನಿಯಮದ ಬಿಸಿ ಮೊದಲು ತಟ್ಟಿದವರಲ್ಲಿ ವೈಟ್ ಸಾಕ್ಸ್ ಸಹ ಒಂದು. 121 ಪಂದ್ಯ ಸೋತ ಮೇಲೆ 2025ರ ಡ್ರಾಫ್ಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ಸರದಿ.

ಷಿಕಾಗೊ ಈಗ ಎರಡನೆಯ ಬಾರಿಗೆ ಅದೇ ಹಾದಿಯಲ್ಲಿದೆ. 2023ರ ಆಗಸ್ಟ್‌ನಲ್ಲಿ ಹಳೆಯ ಆಡಳಿತಗಾರರನ್ನು ಕೈಬಿಟ್ಟು ಕ್ರಿಸ್ ಗೆಟ್ಜ್ ಅವರಿಗೆ ಹೊಣೆ ಕೊಡಲಾಯಿತು. 2024ರ ಡಿಸೆಂಬರ್‌ನಲ್ಲಿ, ಎಂಟು ವರ್ಷಗಳ ಹಿಂದೆ ಸೇಲ್ ಹೋದ ಬಾಸ್ಟನ್‌ಗೇ ಮತ್ತೊಬ್ಬ ಎಡಗೈ ಪಿಚರ್ ಗ್ಯಾರೆಟ್ ಕ್ರೋಷೆ ಹೋದರು. ಬಾಸ್ಟನ್ ಅವರಿಗೆ ಆರು ವರ್ಷಗಳ, 17 ಕೋಟಿ ಡಾಲರ್‌ಗಳ ಒಪ್ಪಂದ ನೀಡಿತು. ಪ್ರತಿಯಾಗಿ ಬಂದ ನಾಲ್ವರಲ್ಲಿ ಕ್ಯಾಚರ್ ಕೈಲ್ ಟೀಲ್, ಚೇಸ್ ಮೈಡ್ರಾತ್ 2025ರಲ್ಲೇ ಭರವಸೆ ಮೂಡಿಸಿದರು. ತಂಡವೇ ಡ್ರಾಫ್ಟ್‌ನಲ್ಲಿ ಆರಿಸಿದ್ದ ಕೋಲ್ಸನ್ ಮಾಂಟ್ಗಮರಿ ಅರ್ಧ ಋತುವಿನಲ್ಲಿ 21 ಹೋಮ್ ರನ್ ಬಾರಿಸಿದರು. ಸೋಲು 121ರಿಂದ 102ಕ್ಕೆ ಇಳಿಯಿತು.

ಟೀಲ್ ಮತ್ತು ಮಾಂಟ್ಗಮರಿ ಅವರ ಗಡಿಯಾರ 2025ರ ಮಧ್ಯದಲ್ಲಿ ಓಡಲಾರಂಭಿಸಿದೆ. ಹೊಸ ಒಪ್ಪಂದವಾಗದಿದ್ದಲ್ಲಿ ಅದು ನಿಲ್ಲುವುದು 2031ರ ಸುಮಾರಿಗೆ. ತಂಡದ ಒಡೆತನವನ್ನು ಜಸ್ಟಿನ್ ಇಷ್ಬಿಯಾ ಅವರಿಗೆ ಹಂತಹಂತವಾಗಿ ವಹಿಸುವ ಒಪ್ಪಂದವೊಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಿಯಂತ್ರಣ ಕೈಬದಲಾಗುವುದು ಬೇಗವೆಂದರೆ 2029ಕ್ಕೆ. ಅಲ್ಲಿಯವರೆಗೆ ಖರ್ಚಿನ ಕೀಲಿಕೈ ರೈನ್ಸ್‌ಡಾರ್ಫ್ ಅವರ ಬಳಿಯೇ ಇರುತ್ತದೆ.